ಮೊಡವೆಗೆ ತೇಪೆ: ಡಾವಿಂಚಿ ರಿಸಾಲ್ವ್ ಟ್ರ್ಯಾಕರ್ ಎಷ್ಟು ಗಟ್ಟಿ?

ಫೋಟೊದಲ್ಲಿ ಮೊಡವೆ ಅಳಿಸುವುದು ಒಂದು ಕ್ಲಿಕ್ಕಿನ ಕೆಲಸ. ವಿಡಿಯೊದಲ್ಲಿ ಹಾಗಲ್ಲ. ಸೆಕೆಂಡಿಗೆ 25 ಫ್ರೇಮ್ (ಸ್ಥಿರ ಚಿತ್ರ) ವೇಗದಲ್ಲಿ ಹತ್ತು ಸೆಕೆಂಡಿನ ಶಾಟ್ ಎಂದರೆ 250 ಫೋಟೊ. ಒಂದೊಂದರಲ್ಲೂ ಕೆನ್ನೆ ಒಂಚೂರು ಬೇರೆ ಜಾಗದಲ್ಲಿರುತ್ತದೆ, ಬೆಳಕು ಬೇರೆ ಬಿದ್ದಿರುತ್ತದೆ. ಮಾತಾಡಿದರೆ ಚರ್ಮ ಹಿಗ್ಗುತ್ತದೆ, ನಕ್ಕರೆ ಮಡಿಕೆ ಬೀಳುತ್ತದೆ. ಕಲೆಯನ್ನು ಮರೆಮಾಡುವುದು ಸುಲಭ. ಹಚ್ಚಿದ ತೇಪೆ 250 ಫ್ರೇಮಿನುದ್ದಕ್ಕೂ ಚರ್ಮಕ್ಕೆ ಅಂಟಿಕೊಂಡಿರುವಂತೆ ನೋಡಿಕೊಳ್ಳುವುದು ಕಷ್ಟ. ತೇಪೆ ಎರಡು ಪಿಕ್ಸೆಲ್ ಜಾರಿದರೂ ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಅಂಥ ತೇಪೆಗಿಂತ ಮೊಡವೆಯೇ ವಾಸಿ.

ಈ ಒಂದೇ ಕೆಲಸವನ್ನು ಮುಂದಿಟ್ಟುಕೊಂಡು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ತಂತ್ರಾಂಶವನ್ನು ಒರೆಗೆ ಹಚ್ಚಿ ನೋಡೋಣ. ಅದರ ಎಡಿಟಿಂಗ್, ಧ್ವನಿ, ಉಳಿದ ವೈಭವ ಎಲ್ಲ ಬದಿಗಿರಲಿ. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಡಾವಿಂಚಿ ಸಿಸ್ಟಮ್ಸ್ ಅನ್ನು ಕೊಂಡಾಗ ರಿಸಾಲ್ವ್ ಬರೀ ಬಣ್ಣ ತಿದ್ದುವ ಯಂತ್ರವಾಗಿತ್ತು. 2018ರಲ್ಲಿ, 15ನೇ ಆವೃತ್ತಿಗೆ ದೃಶ್ಯಗಳನ್ನು ಜೋಡಿಸಿ ವಿಶೇಷ ಪರಿಣಾಮ ಮಾಡುವ ಫ್ಯೂಷನ್ ಕೂಡ ಒಳಗೆ ಬಂತು. ಹೀಗೆ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಟ್ರ್ಯಾಕರ್‌ಗಳು (ಚಿತ್ರದ ಒಂದು ಭಾಗದ ಚಲನೆಯನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವ ಸಾಧನಗಳು) ಸೇರುತ್ತಾ ಹೋಗಿ ಈಗ ಒಂದೇ ತಂತ್ರಾಂಶದಲ್ಲಿ ನಾಲ್ಕೈದು ಟ್ರ್ಯಾಕರ್‌ಗಳಿವೆ. ಯಾವ ಕಲೆಗೆ ಯಾವುದು ಎಂದು ಗೊತ್ತಿಲ್ಲದೆ ಕೈ ಹಾಕಿದವರು ಅರ್ಧ ದಿನ ಕಳೆದು, ಕೊನೆಗೆ ಮುಖವನ್ನೆಲ್ಲ ಬ್ಲರ್ ಮಾಡಿ ಕೈತೊಳೆದುಕೊಳ್ಳುತ್ತಾರೆ.

ಮೊದಲೇ ಹೇಳಿಬಿಡುವುದಾದರೆ: ಬರೀ ಕೆಂಪಗಿರುವ ಕಲೆಗೆ ಉಚಿತ ಆವೃತ್ತಿಯೇ ಸಾಕು. ಉಬ್ಬಿಕೊಂಡು ನೆರಳು ಬೀಳಿಸುವ ಮೊಡವೆಗೆ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನಗುವಾಗ ಮಡಚಿಕೊಳ್ಳುವ ಚರ್ಮದ ಮೇಲೆ ಕಲೆ ಕೂತಿದ್ದರೆ ಸ್ಟುಡಿಯೊ ಕೂಡ ತಿಣುಕುತ್ತದೆ.

ಜಾರುವುದು ಯಾಕೆ

ಸ್ವಲ್ಪ ಲೆಕ್ಕ ಹಾಕೋಣ. ಮುಖದ ಅಗಲ 14 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಫುಲ್ ಎಚ್‌ಡಿ ಫ್ರೇಮಿನಲ್ಲಿ ಅದು 600 ಪಿಕ್ಸೆಲ್ ಜಾಗ ಹಿಡಿದಿದ್ದರೆ 5 ಮಿಲಿಮೀಟರ್ ಮೊಡವೆ ಸುಮಾರು 21 ಪಿಕ್ಸೆಲ್ ಅಗಲ ಬರುತ್ತದೆ. ಟ್ರ್ಯಾಕರ್ ಪ್ರತಿ ಫ್ರೇಮಿಗೆ ಪಿಕ್ಸೆಲ್ಲಿನ ಇಪ್ಪತ್ತನೇ ಒಂದು ಭಾಗದಷ್ಟು ಮಾತ್ರ ತಪ್ಪಿತು, ಆದರೆ ಒಂದೇ ದಿಕ್ಕಿಗೆ ತಪ್ಪಿತು ಎಂದುಕೊಳ್ಳಿ. 250 ಫ್ರೇಮ್ ಮುಗಿಯುವಷ್ಟರಲ್ಲಿ ತೇಪೆ 12 ಪಿಕ್ಸೆಲ್ ಆಚೆ ಹೋಗಿ, ಮೊಡವೆಯ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗೆ ಇಣುಕುತ್ತದೆ. ಪ್ರತಿ ಫ್ರೇಮನ್ನು ಅದರ ಹಿಂದಿನ ಫ್ರೇಮಿಗೆ ಹೋಲಿಸುವ ಯಾವ ಟ್ರ್ಯಾಕರ್‌ಗೂ ಈ ಕಾಯಿಲೆ ತಪ್ಪಿದ್ದಲ್ಲ. ಒಂದೊಂದು ಹೆಜ್ಜೆಯ ಸಣ್ಣ ತಪ್ಪು ಮುಂದಿನದಕ್ಕೆ ಸೇರುತ್ತಾ ಹೋಗುತ್ತದೆ.

ಹಾಗಾಗಿ ಶಾಟ್‌ನ ಮೊದಲ ಫ್ರೇಮಿನಿಂದ ಶುರು ಮಾಡಬೇಡಿ. ಮುಖ ಕ್ಯಾಮೆರಾಗೆ ನೇರವಾಗಿದ್ದು, ಬಾಯಿ ಮುಚ್ಚಿದ್ದು, ಫೋಕಸ್ ಚೊಕ್ಕವಾಗಿರುವ ಒಂದು ಫ್ರೇಮನ್ನು ನಡುವಿನಲ್ಲಿ ಹುಡುಕಿ ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಟ್ರ್ಯಾಕ್ ಮಾಡಿ. ಎರಡೂ ಕಡೆ ಓಡುವ ದೂರ ಅರ್ಧವಾಗುವುದರಿಂದ ತುದಿಯಲ್ಲಿ ಕಾಣುವ ಜಾರುವಿಕೆಯೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಖರ್ಚಿಲ್ಲದ ಸುಧಾರಣೆ ಇದು, ಆದರೂ ಬಹಳಷ್ಟು ಜನ ಬಿಟ್ಟುಬಿಡುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು: ಮೊಡವೆಯನ್ನೇ ಟ್ರ್ಯಾಕ್ ಮಾಡುವುದು. ದುಂಡಗಿನ, ಅಂಚು ಮಸುಕಾದ ಕಲೆ ಟ್ರ್ಯಾಕರ್‌ಗೆ ಒಳ್ಳೆಯ ಗುರುತಲ್ಲ. ಅದು ತಿರುಗಿತೋ ಇಲ್ಲವೋ ಗೊತ್ತಾಗುವುದಿಲ್ಲ, ತಲೆ ವಾಲಿದಾಗ ನೆರಳಿನ ಕಡೆ ಬದಲಾಗಿ ಕಲೆಯ ಆಕಾರವೇ ಬೇರೆಯಾಗುತ್ತದೆ. ಹಿಂಬಾಲಿಸಬೇಕಾದ್ದು ಕಲೆಯ ಸುತ್ತಲಿನ ಚರ್ಮವನ್ನು. ಹತ್ತಿರದ ಮಚ್ಚೆ, ಹಳೆಯ ಗಾಯದ ಗೆರೆ, ಕಣ್ಣಿನ ಒಳಮೂಲೆ, ಮೂಗಿನ ದಿಂಡು ಇವೆಲ್ಲ ಗಟ್ಟಿ ಆಸರೆಗಳು. ಹುಬ್ಬು, ತುಟಿ, ಗದ್ದ ಬೇಡ, ಅವು ತಲೆಬುರುಡೆಯ ಜೊತೆ ಚಲಿಸುವುದಿಲ್ಲ, ತಮ್ಮಷ್ಟಕ್ಕೆ ಕುಣಿಯುತ್ತವೆ. ಹಣೆ, ಮೂಗಿನ ತುದಿಯ ಮೇಲಿನ ಹೊಳಪಂತೂ ಶುದ್ಧ ಬಲೆ. ಟ್ರ್ಯಾಕರ್‌ಗೆ ಅದು ತುಂಬಾ ಇಷ್ಟ, ಯಾಕೆಂದರೆ ಕಾಂಟ್ರಾಸ್ಟ್ ಚೆನ್ನಾಗಿರುತ್ತದೆ. ಆದರೆ ಹೊಳಪು ಚರ್ಮದ ಗುರುತಲ್ಲ, ದೀಪದ ಪ್ರತಿಬಿಂಬ. ತಲೆ ತಿರುಗಿದಾಗ ಚರ್ಮ ಒಂದು ಕಡೆ ಹೋದರೆ ಹೊಳಪು ತಾನಿದ್ದಲ್ಲೇ ಹಿಂದೆ ಉಳಿಯುತ್ತದೆ.

ಉಚಿತ ಆವೃತ್ತಿಯಲ್ಲಿ ಎಷ್ಟು ದೂರ ಹೋಗಬಹುದು

ಬಣ್ಣ ತಿದ್ದುವ ಕಲರ್ ಪುಟದಲ್ಲಿ, ಚಿತ್ರದ ಮೇಲೆ ಎಳೆದ ಆಕಾರವನ್ನು (ವಿಂಡೋ) ಹಿಂಬಾಲಿಸುವ ವಿಂಡೋ ಟ್ರ್ಯಾಕರ್ ರಿಸಾಲ್ವ್‌ನ ಅತ್ಯಂತ ನಂಬಿಕಸ್ಥ ಸಾಧನ. ಕ್ಲೌಡ್ ಟ್ರ್ಯಾಕರ್ ಎಂಬ ಅದರ ಮಾಮೂಲಿ ವಿಧಾನ ನೀವು ಎಳೆದ ವಿಂಡೋ ಒಳಗೆ ಹತ್ತಾರು ಗುರುತುಗಳನ್ನು ತಾನೇ ಹುಡುಕಿಕೊಂಡು, ಅವೆಲ್ಲದರ ಒಟ್ಟು ಚಲನೆಯನ್ನು ಲೆಕ್ಕಹಾಕುತ್ತದೆ. ಪ್ಯಾನ್, ಟಿಲ್ಟ್, ಜೂಮ್, ರೊಟೇಟ್, 3ಡಿ ಎಂಬ ಐದು ಚೌಕಗಳಲ್ಲಿ ಬೇಕಾದ್ದನ್ನು ಮಾತ್ರ ಗುರುತು ಮಾಡಬಹುದು. ಕುಳಿತು ಮಾತಾಡುವವರ ಶಾಟ್‌ಗೆ ಮೊದಲ ನಾಲ್ಕು ಸಾಕು. ಕೆನ್ನೆಯಂಥ ಸಣ್ಣ ಜಾಗದಲ್ಲಿ 3ಡಿ ಚೌಕ ತೆರೆದಿಟ್ಟರೆ ಬಾಯಿ ಅಲುಗಿದ ಚಲನೆಯನ್ನೇ ಅದು ಪರ್ಸ್‌ಪೆಕ್ಟಿವ್ ಎಂದು ತಪ್ಪು ತಿಳಿದು ವಿಂಡೋವನ್ನು ಸೊಟ್ಟ ಮಾಡುತ್ತದೆ.

ವಿಧಾನ ಹೀಗೆ. ಹೊಸ ಸೀರಿಯಲ್ ನೋಡ್ (ಒಂದರ ನಂತರ ಒಂದಾಗಿ ಜೋಡಿಸುವ ತಿದ್ದುಪಡಿಯ ಹಂತ) ತೆರೆದು ಕರ್ವ್ ವಿಂಡೋದಿಂದ ಕೆನ್ನೆಯ ದೊಡ್ಡ ಭಾಗವನ್ನು ಸುತ್ತುವರಿಯಿರಿ. ಕಣ್ಣಿನ ಕೆಳರೆಪ್ಪೆ, ತುಟಿಯ ಮೂಲೆ, ಕೂದಲಿನ ಎಳೆ, ಮುಖದ ಅಂಚಿನಾಚೆಯ ಹಿನ್ನೆಲೆ ಯಾವುದೂ ಒಳಗೆ ಬರಕೂಡದು. ಮುಂದಕ್ಕೆ, ಹಿಂದಕ್ಕೆ ಟ್ರ್ಯಾಕ್ ಮಾಡಿ. ಮುಗಿದ ಮೇಲೆ ಟ್ರ್ಯಾಕರ್ ಪಟ್ಟಿಯ ಮೂಲೆಯಲ್ಲಿರುವ ಮೂರು ಚುಕ್ಕಿ ಮೆನುವಿನಿಂದ ಟ್ರ್ಯಾಕ್ ದತ್ತಾಂಶವನ್ನು ಕಾಪಿ ಮಾಡಿ. ಈಗ ಇನ್ನೊಂದು ನೋಡ್ ತೆರೆದು, ಮೊಡವೆಯ ಮೇಲೆ ಮಾತ್ರ ಒಂದು ಸಣ್ಣ ವೃತ್ತ ಇಟ್ಟು, ಅದೇ ದತ್ತಾಂಶವನ್ನು ಅದಕ್ಕೆ ಪೇಸ್ಟ್ ಮಾಡಿ. ಸಣ್ಣ ವೃತ್ತವನ್ನೇ ಟ್ರ್ಯಾಕ್ ಮಾಡಲು ಹೋದಾಗ ಆಗುವ ನಡುಕ ಇಲ್ಲಿ ಇರುವುದಿಲ್ಲ, ಯಾಕೆಂದರೆ ಈಗ ವೃತ್ತವನ್ನು ಎಳೆದುಕೊಂಡು ಹೋಗುತ್ತಿರುವುದು ಇಡೀ ಕೆನ್ನೆ. ಒಂದೇ ಕೆನ್ನೆಯಲ್ಲಿ ನಾಲ್ಕು ಮೊಡವೆ ಇದ್ದರೂ ಟ್ರ್ಯಾಕ್ ಮಾಡುವುದು ಒಮ್ಮೆ, ಪೇಸ್ಟ್ ಮಾಡುವುದು ನಾಲ್ಕು ಸಲ. ತಲೆ ಹೆಚ್ಚು ವಾಲುವ ಫ್ರೇಮುಗಳಲ್ಲಿ ಮಾತ್ರ ಒಮ್ಮೆ ನಿಂತು, ವೃತ್ತ ಕಲೆಯ ಮೇಲೇ ಇದೆಯೇ ಎಂದು ನೋಡಿಕೊಳ್ಳಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಟ್ರ್ಯಾಕರ್ ಪಟ್ಟಿಯಲ್ಲಿ ಕ್ಲಿಪ್, ಫ್ರೇಮ್ ಎಂಬ ಎರಡು ಗುಂಡಿಗಳಿವೆ. ಕ್ಲಿಪ್ ಆರಿಸಿ ವಿಂಡೋ ಸರಿಸಿದರೆ ಇಡೀ ಶಾಟ್‌ನುದ್ದಕ್ಕೂ ಅದು ಸರಿಯುತ್ತದೆ. ಫ್ರೇಮ್ ಆರಿಸಿ ಸರಿಸಿದರೆ ಆ ಫ್ರೇಮಿಗೆ ಕೀಫ್ರೇಮ್ (ಆ ಸ್ಥಾನವನ್ನು ನೆನಪಿಡುವ ಗುರುತು) ಬಿದ್ದು, ಅಕ್ಕಪಕ್ಕದ ಕೀಫ್ರೇಮುಗಳ ನಡುವೆ ಚಲನೆ ತಾನೇ ತುಂಬಿಕೊಳ್ಳುತ್ತದೆ. 180ನೇ ಫ್ರೇಮಿನಲ್ಲಿ ಕೈ ಅಡ್ಡ ಬಂದು ಟ್ರ್ಯಾಕ್ ಹಾರಿಹೋಗಿದ್ದರೆ, ಗ್ರಾಫಿನಲ್ಲಿ ಆ ತುಂಡನ್ನಷ್ಟೇ ಆಯ್ದು ಅಳಿಸಿ, ಫ್ರೇಮ್ ಗುಂಡಿ ಒತ್ತಿ, ಕೈಯಿಂದ ಸರಿಪಡಿಸಬೇಕು. ಕ್ಲಿಪ್ ಗುಂಡಿಯಲ್ಲೇ ಇದ್ದು ಸರಿಪಡಿಸಲು ಹೋದರೆ ಇಲ್ಲಿ ಸರಿಯಾಗಿ ಉಳಿದೆಲ್ಲ ಕಡೆ ಕೆಡುತ್ತದೆ.

ಇನ್ನು ಕಲೆಯನ್ನು ಮರೆಮಾಡುವುದು. ಕೆಂಪು ಕಲೆ ಮುಖ್ಯವಾಗಿ ಬಣ್ಣದ ಸಮಸ್ಯೆ, ಚರ್ಮದ ಹೆಣಿಗೆಯ ಸಮಸ್ಯೆ ಅಲ್ಲ. ರಂಧ್ರಗಳು, ಸಣ್ಣ ಗೆರೆಗಳು ಅಲ್ಲಿ ಹಾಗೇ ಇರುತ್ತವೆ, ಅವನ್ನು ಮುಟ್ಟುವ ಅಗತ್ಯವೇ ಇಲ್ಲ. ವೃತ್ತದ ಅಂಚನ್ನು ಚೆನ್ನಾಗಿ ಮೃದುಗೊಳಿಸಿ, ಸ್ಯಾಚುರೇಶನ್ ಅನ್ನು 50ರಿಂದ 38-42ಕ್ಕೆ ಇಳಿಸಿ, ಗಾಮಾ 0.02ರಿಂದ 0.04ರಷ್ಟು ಏರಿಸಿ, ಟಿಂಟ್ ಅನ್ನು ಒಂದೆರಡು ಹೆಜ್ಜೆ ಹಸಿರಿನ ಕಡೆ ತಳ್ಳಿ. ಹ್ಯೂ ವರ್ಸಸ್ ಹ್ಯೂ ಕರ್ವ್‌ನಲ್ಲಿ ಕೆಂಪನ್ನು ಸುತ್ತಲಿನ ಚರ್ಮದ ಬಣ್ಣದತ್ತ ಒಂಚೂರು ತಿರುಗಿಸಿದರೆ ಇನ್ನೂ ಸಹಜ. ನೂರಕ್ಕೆ ನೂರು ಅಳಿಸುವ ಹಟ ಬೇಡ. ಮುಕ್ಕಾಲು ಭಾಗ ಮಂಕಾದರೆ ಕಣ್ಣು ಅದನ್ನು ಗಮನಿಸುವುದಿಲ್ಲ, ಟ್ರ್ಯಾಕ್ ಸ್ವಲ್ಪ ಜಾರಿದರೂ ಗೊತ್ತಾಗುವುದಿಲ್ಲ. ಪೂರ್ತಿ ಅಳಿಸಿದ ತಿದ್ದುಪಡಿ ಜಾರಿದರೆ ಪಕ್ಕದಲ್ಲಿ ಹಸಿರು ಮಿಶ್ರಿತ ಬೂದು ಚುಕ್ಕೆಯೊಂದು ಮೊಡವೆಯ ಜೊತೆಗೇ ಕಾಣಿಸಿಕೊಳ್ಳುತ್ತದೆ.

ಒರಟಾದ ಚರ್ಮಕ್ಕೆ ಮಿಡ್‌ಟೋನ್ ಡೀಟೇಲ್ ಸ್ಲೈಡರ್ ಅನ್ನು ಋಣ ದಿಕ್ಕಿಗೆ, 20-30ರಷ್ಟು ಎಳೆಯಬಹುದು. 60 ದಾಟಿದರೆ ಮೇಣದ ಬೊಂಬೆ.

ಸ್ಟುಡಿಯೊದಲ್ಲಿ ಸಿಗುವುದು: ಪ್ಯಾಚ್ ರಿಪ್ಲೇಸರ್

ಉಬ್ಬಿದ ಮೊಡವೆಗೆ ಬಣ್ಣ ತಿದ್ದಿದರೆ ಸಾಲದು. ಒಂದು ಬದಿಯಲ್ಲಿ ಹೊಳಪು, ಇನ್ನೊಂದು ಬದಿಯಲ್ಲಿ ನೆರಳು ಇರುವುದರಿಂದ ಕೆಂಪು ಹೋದರೂ ಬೊಕ್ಕೆ ಉಳಿಯುತ್ತದೆ. ಅಲ್ಲಿ ಬೇರೆ ಕಡೆಯ ಚರ್ಮವನ್ನೇ ತಂದು ಹಚ್ಚಬೇಕು. ಸ್ಟುಡಿಯೊದ ಪ್ಯಾಚ್ ರಿಪ್ಲೇಸರ್ ಎಫೆಕ್ಟ್ ಇರುವುದು ಅದಕ್ಕೇ. ನೋಡ್ ಮೇಲೆ ಅದನ್ನು ಎಳೆದು ಹಾಕಿದರೆ ಎರಡು ಆಕಾರ ಕಾಣುತ್ತವೆ: ಒಂದು ಚರ್ಮ ತರುವ ಜಾಗ, ಇನ್ನೊಂದು ಮುಚ್ಚುವ ಜಾಗ. ಟ್ರ್ಯಾಕರ್ ಪಟ್ಟಿಯನ್ನು ವಿಂಡೋದಿಂದ ಎಫ್‌ಎಕ್ಸ್‌ಗೆ ಬದಲಿಸಿ, ಪಾಯಿಂಟ್ ಸೇರಿಸುವ ಗುಂಡಿ ಒತ್ತಿ, ಬಂದ ಕ್ರಾಸನ್ನು ಹತ್ತಿರದ ಮಚ್ಚೆಯಂಥ ಗುರುತಿನ ಮೇಲೆ ಕೂರಿಸಿ ಟ್ರ್ಯಾಕ್ ಮಾಡಬೇಕು. ಹೊಸಬರು ವಿಂಡೋ ಟ್ರ್ಯಾಕರ್‌ನಲ್ಲೇ ಟ್ರ್ಯಾಕ್ ಮಾಡಿ ಪ್ಯಾಚ್ ಯಾಕೆ ಕದಲುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಇಲ್ಲೇ. ಎಫೆಕ್ಟ್‌ಗೆ ಎಫ್‌ಎಕ್ಸ್ ಟ್ರ್ಯಾಕರ್, ವಿಂಡೋಗೆ ವಿಂಡೋ ಟ್ರ್ಯಾಕರ್. ಇದು ನೆನಪಿದ್ದರೆ ಅರ್ಧ ಗೊಂದಲ ತೀರಿತು.

ಒಂದೇ ಪಾಯಿಂಟ್ ಇದ್ದರೆ ಸ್ಥಾನ ಮಾತ್ರ ಗೊತ್ತಾಗುತ್ತದೆ, ತಿರುಗಿದ್ದಾಗಲೀ ಹತ್ತಿರ ಬಂದದ್ದಾಗಲೀ ಗೊತ್ತಾಗುವುದಿಲ್ಲ. ತಲೆ ವಾಲಿಸುವ ಅಭ್ಯಾಸವಿರುವವರ ಶಾಟ್‌ಗೆ ಕಲೆಯ ಸುತ್ತ ಕನಿಷ್ಠ ಎರಡು ಮೂರು ಪಾಯಿಂಟ್ ಹಾಕಿ.

ಪ್ಯಾಚ್ ರಿಪ್ಲೇಸರ್‌ನಲ್ಲಿ ಮೂರು ವಿಧಾನ. ಕ್ಲೋನ್ ತಂದದ್ದನ್ನು ಹಾಗೇ ಅಂಟಿಸುತ್ತದೆ. ಬೆಳಕು ಎಲ್ಲ ಕಡೆ ಒಂದೇ ಸಮನಾಗಿರುವ ಹಣೆಗೆ ಆಗಬಹುದು, ಕೆನ್ನೆಯ ತಿರುವಿಗೆ ಆಗದು. ಅಡಾಪ್ಟಿವ್ ಬ್ಲೆಂಡ್ ಚರ್ಮದ ಹೆಣಿಗೆಯನ್ನು ತಂದು, ಬೆಳಕು ಬಣ್ಣಗಳನ್ನು ಮುಚ್ಚುವ ಜಾಗದ ಸುತ್ತಲಿನಿಂದ ಹೊಂದಿಸಿಕೊಳ್ಳುತ್ತದೆ. ಚರ್ಮಕ್ಕೆ ಹತ್ತರಲ್ಲಿ ಒಂಬತ್ತು ಸಲ ಇದೇ ಸರಿ. ಫಾಸ್ಟ್ ಮಾಸ್ಕ್ ಎಲ್ಲಿಂದಲೂ ಚರ್ಮ ತರುವುದಿಲ್ಲ, ಸುತ್ತಲಿನ ಬಣ್ಣವನ್ನೇ ಒಳಕ್ಕೆ ಎಳೆದು ತುಂಬುತ್ತದೆ. ದೂರದ ಶಾಟ್‌ನಲ್ಲಿ ನಾಲ್ಕೈದು ಪಿಕ್ಸೆಲ್ಲಿನ ಚುಕ್ಕೆಗೆ ಅದು ಸಾಕು, ಕ್ಲೋಸಪ್‌ನಲ್ಲಿ ನುಣ್ಣಗೆ ಬೋಳಾದ ಒಂದು ವೃತ್ತ ಎದ್ದು ಕಾಣುತ್ತದೆ.

ಅಡಾಪ್ಟಿವ್ ಬ್ಲೆಂಡ್‌ಗೆ ಒಂದು ದೌರ್ಬಲ್ಯ ಇದೆ, ತಿಳಿದಿರಲಿ. ಸುತ್ತಲಿನ ಅಂಚಿನಿಂದ ಬಣ್ಣ ಕಲಿಯುವುದರಿಂದ ಆ ಅಂಚಿಗೆ ಒಂದು ಕೂದಲೆಳೆ ತಾಗಿದರೂ, ಮೂಗಿನ ನೆರಳು ಹತ್ತಿದರೂ ಅದರ ಕಪ್ಪು ತೇಪೆಯ ಒಳಗೆಲ್ಲ ಹರಡುತ್ತದೆ. ಎರಡು ಮೂರು ಫ್ರೇಮ್ ಮಾತ್ರ ಕೆನ್ನೆ ಕಪ್ಪಿಟ್ಟಂತೆ ಮಿನುಗಿದರೆ ಕಾರಣ ಹೆಚ್ಚಾಗಿ ಇದೇ. ಆಕಾರವನ್ನು ಕಲೆಗಿಂತ ಒಂದೂವರೆ ಪಟ್ಟು ಮಾತ್ರ ಇಟ್ಟು, ನೆರಳಿನ ಗೆರೆಯಿಂದ ದೂರ ಇರಿಸಿ. ಚರ್ಮ ತರುವ ಜಾಗವನ್ನೂ ಅದೇ ಕೆನ್ನೆಯಲ್ಲಿ, ದೀಪದಿಂದ ಅಷ್ಟೇ ದೂರದಲ್ಲಿ, ಫೋಕಸ್ ಅಷ್ಟೇ ಚೊಕ್ಕವಾಗಿರುವಲ್ಲಿ ಆರಿಸಿ. ಹಣೆಯ ರಂಧ್ರ ಬೇರೆ, ಕೆನ್ನೆಯ ರಂಧ್ರ ಬೇರೆ. ಒಂದರ ಮೇಲೊಂದು ಹಚ್ಚಿದರೆ ಬಟ್ಟೆಗೆ ಬೇರೆ ನೂಲಿನ ತೇಪೆ ಹಾಕಿದಂತೆ ಕಾಣುತ್ತದೆ.

ಈ ವಿಧಾನದ ದೊಡ್ಡ ಲಾಭವೊಂದನ್ನು ಒತ್ತಿ ಹೇಳಬೇಕು. ಪ್ಯಾಚ್ ರಿಪ್ಲೇಸರ್ ಚರ್ಮವನ್ನು ಅದೇ ಫ್ರೇಮಿನಿಂದ ತರುತ್ತದೆ. ಹಾಗಾಗಿ ಗ್ರೇನ್ (ಚಿತ್ರದ ಸಣ್ಣ ಕಾಳುಕಾಳು) ಜೀವಂತವಾಗಿರುತ್ತದೆ, ತಲೆ ವೇಗವಾಗಿ ತಿರುಗಿದಾಗ ಬರುವ ಮೋಷನ್ ಬ್ಲರ್ ತೇಪೆಗೂ ತಾನಾಗಿ ಬರುತ್ತದೆ. ಒಂದು ಫ್ರೇಮನ್ನು ಫೋಟೊಶಾಪ್‌ಗೆ ಒಯ್ದು ಚೊಕ್ಕ ಮಾಡಿ, ಆ ಸ್ಥಿರಚಿತ್ರವನ್ನು ಟ್ರ್ಯಾಕ್ ಮೇಲೆ ಅಂಟಿಸುವ ಹಳೆಯ ವಿಧಾನದಲ್ಲಿ ಇವೆರಡೂ ಇಲ್ಲ. ಸುತ್ತಲಿನ ಚರ್ಮದ ಗ್ರೇನ್ ಮಿಸುಕುತ್ತಿರುವಾಗ ತೇಪೆಯೊಳಗಿನದು ಮಾತ್ರ ಹೆಪ್ಪುಗಟ್ಟಿ, ಲೆನ್ಸಿಗೆ ಅಂಟಿದ ಕೊಳೆಯ ಹಾಗೆ ಕಾಣುತ್ತದೆ.

ಫೇಸ್ ರಿಫೈನ್‌ಮೆಂಟ್ ಬಗ್ಗೆ ಎರಡು ಮಾತು

2017ರ 14ನೇ ಆವೃತ್ತಿಯಲ್ಲಿ ಬಂದ ಫೇಸ್ ರಿಫೈನ್‌ಮೆಂಟ್ ಕೂಡ ಸ್ಟುಡಿಯೊಗೆ ಸೇರಿದ್ದು. ಅನಲೈಸ್ ಗುಂಡಿ ಒತ್ತಿದರೆ ಕಣ್ಣು, ತುಟಿ, ಕೆನ್ನೆ, ಹಣೆ ಎಲ್ಲವನ್ನೂ ತಾನೇ ಗುರುತಿಸಿ ಹಿಂಬಾಲಿಸುತ್ತದೆ. ಇಡೀ ಮುಖಕ್ಕೆ ತೆಳುವಾದ ಹದ ಕೊಡಲು, ಕಣ್ಣಿನ ಕೆಳಗಿನ ಕಪ್ಪು ತಗ್ಗಿಸಲು ಇದಕ್ಕಿಂತ ವೇಗದ ದಾರಿ ಇಲ್ಲ. ಆದರೆ ಒಂಟಿ ಮೊಡವೆಗೆ ಇದು ಸಾಧನವಲ್ಲ. ಮೊಡವೆ ಕಾಣದಾಗುವಷ್ಟು ನುಣುಪು ಏರಿಸಿದರೆ ಇಡೀ ಮುಖದ ರಂಧ್ರಗಳು ಮಾಯವಾಗುತ್ತವೆ. ಮುಖ ಪಕ್ಕಕ್ಕೆ ಪೂರ್ತಿ ತಿರುಗಿದರೆ, ಕೈ ಅಡ್ಡ ಬಂದರೆ ಗುರುತು ತಪ್ಪುತ್ತದೆ. ಚರ್ಮದ ಮಾಸ್ಕ್ (ಎಫೆಕ್ಟ್ ತಾಗುವ ಜಾಗದ ಗಡಿ) ಬಣ್ಣವನ್ನೂ ಆಧರಿಸುವುದರಿಂದ ಚರ್ಮದ ಬಣ್ಣಕ್ಕೆ ಹತ್ತಿರದ ಮರದ ಗೋಡೆ, ಕಂದು ಬಟ್ಟೆಗೂ ಹರಡಬಹುದು. ಮಾಸ್ಕ್ ತೋರಿಸುವ ಆಯ್ಕೆಯನ್ನು ಆನ್ ಮಾಡಿ ನೋಡದೆ ಮುಂದೆ ಹೋಗಬೇಡಿ. ಸರಿಯಾದ ಕ್ರಮ ಎಂದರೆ ಮೊದಲು ಕಲೆಗಳನ್ನು ಒಂದೊಂದಾಗಿ ತೆಗೆದು, ಆಮೇಲಿನ ನೋಡ್‌ನಲ್ಲಿ ಇದನ್ನು ಹಗುರವಾಗಿ ಹಾಕುವುದು.

ಫ್ಯೂಷನ್ ಪುಟಕ್ಕೆ ಯಾವಾಗ ಹೋಗಬೇಕು

ಗಾಯದ ಉದ್ದ ಗೆರೆ, ಗುಂಪಾಗಿ ಎದ್ದ ಮೊಡವೆ, ಅಡ್ಡಾದಿಡ್ಡಿ ಆಕಾರದ ಕಲೆ ಇವಕ್ಕೆ ಕುಂಚ ಬೇಕು. ಫ್ಯೂಷನ್‌ನ ಪೇಂಟ್ ನೋಡ್‌ನಲ್ಲಿ ಕ್ಲೋನ್ ಕುಂಚ ಇದೆ. ಆದರೆ ಅದರ ಮಲ್ಟಿಸ್ಟ್ರೋಕ್ ಎಂಬ ಮಾಮೂಲಿ ಗೆರೆ ಒಂದೇ ಫ್ರೇಮಿಗೆ ಬೀಳುತ್ತದೆ. ಬಳಿದು ಪ್ಲೇ ಮಾಡಿದ ಕೂಡಲೇ ತಿದ್ದಿದ್ದು ಮಾಯವಾಗುವುದಕ್ಕೆ ಕಾರಣ ಅದು. ಶಾಟ್‌ನುದ್ದಕ್ಕೂ ಉಳಿಯಬೇಕಾದರೆ ಬಳಿಯುವ ಮೊದಲೇ ಸ್ಟ್ರೋಕ್ ಎಂಬ ಬಗೆಯನ್ನು ಆರಿಸಿಕೊಳ್ಳಬೇಕು.

ಅತ್ಯುತ್ತಮ ಫಲ ಕೊಡುವ ಜೋಡಣೆ ಇದು: ಸಮತಲವನ್ನು ಹಿಂಬಾಲಿಸುವ ಪ್ಲೇನರ್ ಟ್ರ್ಯಾಕರ್‌ನಲ್ಲಿ ಒಳ್ಳೆಯ ಫ್ರೇಮನ್ನು ರೆಫರೆನ್ಸ್ ಆಗಿ ಸೆಟ್ ಮಾಡಿ, ಕೆನ್ನೆಯ ಸುತ್ತ ಪಾಲಿಗಾನ್ ಎಳೆದು, ಎರಡೂ ಕಡೆ ಟ್ರ್ಯಾಕ್ ಮಾಡಿ. ನಂತರ ಅದರ ಕೆಲಸವನ್ನು ಟ್ರ್ಯಾಕ್‌ನಿಂದ ಸ್ಟೆಡಿಗೆ ಬದಲಿಸಿ. ಈಗ ಕೆನ್ನೆ ನಿಂತಲ್ಲೇ ನಿಂತು, ಉಳಿದ ಜಗತ್ತು ಅದರ ಸುತ್ತ ತೂಗಾಡುತ್ತದೆ. ನಿಂತ ಕೆನ್ನೆಯ ಮೇಲೆ ಪೇಂಟ್ ನೋಡ್‌ನಿಂದ ಕ್ಲೋನ್ ಮಾಡಿ. ಆಮೇಲೆ ಅದೇ ಟ್ರ್ಯಾಕರ್‌ನ ಪ್ರತಿಯೊಂದನ್ನು ಪೇಂಟ್‌ನ ನಂತರ ಹಾಕಿ, ಸ್ಟೆಡಿಯನ್ನು ತಿರುಗುಮುರುಗು ಮಾಡುವ ಇನ್ವರ್ಟ್ ಚೌಕ ಒತ್ತಿದರೆ ಚಲನೆ ವಾಪಸು ಬರುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಒಂದು ನಷ್ಟ ಇದೆ: ಚಿತ್ರ ಎರಡು ಸಲ ಮರುಜೋಡಣೆಯಾಗಿ ಇಡೀ ಫ್ರೇಮ್ ಒಂಚೂರು ಮೆತ್ತಗಾಗುತ್ತದೆ, ಅಂಚಿನ ಭಾಗ ಕತ್ತರಿಸಿಹೋಗಲೂಬಹುದು. ಹಾಗಾಗಿ ಮೂಲ ಚಿತ್ರದ ಮೇಲೆ ಇದನ್ನು ಮರ್ಜ್ ಮಾಡಿ, ತಿದ್ದಿದ ಜಾಗವನ್ನು ಮಾತ್ರ ಮಾಸ್ಕ್‌ನಿಂದ ಒಳಗೆ ಬಿಡಿ. ಮಾಸ್ಕ್ ಕೂಡ ಕೆನ್ನೆಯ ಜೊತೆ ಚಲಿಸಬೇಕಲ್ಲ, ಅದಕ್ಕೆ ಟ್ರ್ಯಾಕರ್‌ನಿಂದ ಪ್ಲೇನರ್ ಟ್ರಾನ್ಸ್‌ಫಾರ್ಮ್ ನೋಡ್ ಹುಟ್ಟಿಸಿ ಅದರ ಮೂಲಕ ಹಾಯಿಸಿ.

ಮೋಷನ್ ಟೈಪ್‌ನಲ್ಲಿ ಪರ್ಸ್‌ಪೆಕ್ಟಿವ್ ಬದಲು ಸ್ಥಾನ, ತಿರುವು, ಅಳತೆ ಈ ಮೂರು ಮಾತ್ರ ಇರುವ ಆಯ್ಕೆ ಕೆನ್ನೆಗೆ ಹೆಚ್ಚು ಸ್ಥಿರ. ಕೆನ್ನೆ ಸಮತಲವೇ ಅಲ್ಲ. ಇಲ್ಲದ ಸಮತಲವನ್ನು ಹುಡುಕಲು ಹೋಗಿ ಟ್ರ್ಯಾಕರ್ ಕಂಪಿಸುತ್ತದೆ.

ಇಲ್ಲೊಂದು ಉಪಯುಕ್ತ ಸಂಗತಿ. ರಕ್ತದ ಹಿಮೋಗ್ಲೋಬಿನ್ ಹಸಿರು, ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಕೆಂಪನ್ನು ಹೆಚ್ಚು ಹೀರುವುದಿಲ್ಲ. ಹಾಗಾಗಿ ಅದೇ ಮುಖವನ್ನು ಕೆಂಪು ಚಾನೆಲ್‌ನಲ್ಲಿ ಮಾತ್ರ ನೋಡಿದರೆ ಚರ್ಮ ಬಹುತೇಕ ನಿರ್ಮಲ. ಹಸಿರಿನಲ್ಲಿ ನೋಡಿದರೆ ಒಂದೊಂದು ಕಲೆಯೂ ಕಪ್ಪಗೆ ಎದ್ದು ನಿಲ್ಲುತ್ತದೆ. ಫ್ಯೂಷನ್‌ನ ಟ್ರ್ಯಾಕರ್‌ನಲ್ಲಿ ಯಾವ ಚಾನೆಲ್ ಹಿಂಬಾಲಿಸಬೇಕೆಂದು ಆರಿಸಬಹುದು. ಚರ್ಮಕ್ಕೆ ಹಸಿರನ್ನೇ ಕೊಡಿ. ನೀಲಿಯಲ್ಲೂ ಕಾಂಟ್ರಾಸ್ಟ್ ಚೆನ್ನಾಗಿದೆ, ಆದರೆ ಸಾಮಾನ್ಯವಾಗಿ ನಾಯ್ಸ್ ಹೆಚ್ಚು. ಲಾಗ್‌ನಲ್ಲಿ (ಕಾಂಟ್ರಾಸ್ಟ್ ತಗ್ಗಿಸಿ ದಾಖಲಿಸುವ ವಿಧಾನ) ತೆಗೆದ ಚಪ್ಪಟೆ ಚಿತ್ರವಾದರೆ ಟ್ರ್ಯಾಕರ್‌ನ ಮುಂದೆ ಒಂದು ಬ್ರೈಟ್‌ನೆಸ್ ಕಾಂಟ್ರಾಸ್ಟ್ ನೋಡ್ ಇಟ್ಟು ಕಾಂಟ್ರಾಸ್ಟ್ ಏರಿಸಿ ಟ್ರ್ಯಾಕ್ ಮಾಡಿ, ಮುಗಿದ ಮೇಲೆ ಆ ನೋಡ್ ತೆಗೆದುಬಿಡಿ.

ಸೋಲುವ ಜಾಗಗಳು

ನಗು. ಮೂಗಿನ ಬದಿಯಿಂದ ತುಟಿಯ ಮೂಲೆಗೆ ಇಳಿಯುವ ಮಡಿಕೆಯ ಪಕ್ಕದಲ್ಲೇ ಕಲೆ ಇದ್ದರೆ ಮೇಲಿನ ಯಾವ ವಿಧಾನವೂ ಪೂರ್ತಿ ನಿಲ್ಲುವುದಿಲ್ಲ. ಮಡಿಕೆಯ ಈಚೆ ಚರ್ಮ ಒಂದು ಕಡೆ, ಆಚೆ ಇನ್ನೊಂದು ಕಡೆ ಹೋಗುತ್ತದೆ. ಪಾಯಿಂಟ್, ಪ್ಲೇನರ್ ಎರಡಕ್ಕೂ ಅದು ಅರ್ಥವಾಗದ ಭಾಷೆ. 2022ರ 18ನೇ ಆವೃತ್ತಿಯಲ್ಲಿ ಸ್ಟುಡಿಯೊಗೆ ಬಂದ ಸರ್ಫೇಸ್ ಟ್ರ್ಯಾಕರ್ ಇದಕ್ಕೆ ಹತ್ತಿರದ ಉತ್ತರ. ಗಡಿ ಎಳೆದು, ಒಳಗೆ ಬಲೆಯಂಥ ಮೆಶ್ ಹರಡಿ, ಮೆಶ್‌ನ ಒಂದೊಂದು ಗಂಟನ್ನೂ ಚರ್ಮದ ಜೊತೆ ಬಾಗಲು ಬಿಡುತ್ತದೆ. ಮೆಶ್ ತೀರಾ ದಟ್ಟವಾದರೆ ಗ್ರೇನನ್ನೇ ಚಲನೆ ಎಂದು ತಿಳಿದು ನಡುಗುತ್ತದೆ, ವಿರಳವಾದರೆ ಮಡಿಕೆ ತಪ್ಪುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಭಾರ. ಟ್ರ್ಯಾಕಿಂಗ್‌ಗೆಂದೇ ಇರುವ ಮೋಕಾ ಪ್ರೋ ತಂತ್ರಾಂಶದ ಪವರ್‌ಮೆಶ್ ಇದೇ ಕೆಲಸವನ್ನು ಇನ್ನೂ ಹದವಾಗಿ ಮಾಡುತ್ತದೆ, ಪ್ಲೇನರ್ ಟ್ರ್ಯಾಕ್‌ನ ಮೇಲೆ ಮೆಶ್ ಕೂರಿಸುವುದರಿಂದ ತಳ ಗಟ್ಟಿ ಇರುತ್ತದೆ. ಇಂಥ ಶಾಟ್‌ಗಳೇ ನಿಮ್ಮ ದಿನನಿತ್ಯದ ಕೆಲಸವಾದರೆ ಮೋಕಾ ಬೇಕೇ ಬೇಕು. ವಾರಕ್ಕೊಂದು ಬಂದರೆ ರಿಸಾಲ್ವ್‌ನಲ್ಲೇ ಶಾಟನ್ನು ನಗುವಿನ ಮೊದಲು, ನಗುವಾಗ, ನಂತರ ಎಂದು ಮೂರು ತುಂಡು ಮಾಡಿ ಒಂದೊಂದಕ್ಕೂ ಬೇರೆ ಟ್ರ್ಯಾಕ್ ಕೊಟ್ಟರೆ ನಡೆದೀತು. ನಗುವಿನ ಉತ್ತುಂಗದಲ್ಲಿ ತಿದ್ದುಪಡಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸುವ ಕೀಫ್ರೇಮ್ ಹಾಕಿ. ಮಡಿಕೆಯ ನೆರಳಲ್ಲಿ ಕಲೆ ಹೇಗೂ ಅಡಗುತ್ತದೆ.

ಅಡೋಬಿಯ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶ ಇರುವವರಿಗೆ ಅದರ ಜೊತೆಗೇ ಬರುವ ಮೋಕಾ ಎಇ ಪ್ಲೇನರ್ ಟ್ರ್ಯಾಕಿಂಗ್‌ಗೆ ಧಾರಾಳ ಸಾಕು, ಆದರೆ ಪವರ್‌ಮೆಶ್ ಸಿಗುವುದು ಮೋಕಾ ಪ್ರೋದಲ್ಲಿ.

ಮೊಬೈಲ್ ಫೂಟೇಜ್ ಇನ್ನೊಂದು ತಲೆನೋವು. ಅನೇಕ ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ವೇಗವನ್ನು ಏರಿಳಿಸುತ್ತವೆ. ಹಾಗೇ ಟೈಮ್‌ಲೈನಿಗೆ ಹಾಕಿದರೆ ಕೆಲವು ಫ್ರೇಮ್ ಎರಡು ಸಲ ಬಂದು, ಟ್ರ್ಯಾಕ್ ನಿಂತು ನೆಗೆಯುತ್ತದೆ. ಮೊದಲು ಸ್ಥಿರ ವೇಗಕ್ಕೆ ಪರಿವರ್ತಿಸಿ, ಆಮೇಲೆ ಟ್ರ್ಯಾಕ್ ಮಾಡಿ. 4:2:0 ಮಾದರಿಯ ವಿಡಿಯೊದಲ್ಲಿ ಬಣ್ಣದ ವಿವರ ಉದ್ದಕ್ಕೂ ಅಡ್ಡಕ್ಕೂ ಅರ್ಧ ಮಾತ್ರ. 3840×2160 ಚಿತ್ರದಲ್ಲಿ ಬಣ್ಣ ಇರುವುದು 1920×1080ರಷ್ಟೇ. ಕೆಂಪು ಕಲೆಯ ಬಣ್ಣ ಅದರ ಆಕಾರಕ್ಕಿಂತ ಒಂದೆರಡು ಪಿಕ್ಸೆಲ್ ಆಚೆಗೂ ಸೋರಿರುತ್ತದೆ, ಆದ್ದರಿಂದ ಬಣ್ಣ ತಿದ್ದುವ ವೃತ್ತವನ್ನು ಕಣ್ಣಿಗೆ ಕಾಣುವ ಕಲೆಗಿಂತ ಸ್ವಲ್ಪ ದೊಡ್ಡದಾಗಿಯೇ ಇಡಿ. ಹೆಚ್ಚು ಒತ್ತಡದಲ್ಲಿ ಕುಗ್ಗಿಸಿದ ಎಚ್.264 ಫೈಲಿನಲ್ಲಿ ಚರ್ಮದ ವಿವರ ಫೈಲಿನೊಳಗೆ ಪೂರ್ತಿಯಾಗಿ ಉಳಿಸಿದ ಪ್ರತಿ ಫ್ರೇಮಿಗೆ ಒಮ್ಮೆ ಚುರುಕಾಗಿ, ಮತ್ತೆ ಕರಗುತ್ತದೆ. ಹೀಗೆ ನಿಯಮಿತ ಅಂತರದಲ್ಲಿ ತೇಪೆ ಉಸಿರಾಡಿದಂತೆ ಕಂಡರೆ ಟ್ರ್ಯಾಕನ್ನು ದೂರಬೇಡಿ, ಫೈಲೇ ಹಾಗಿದೆ.

ಕೆಲಸ ಶುರುವಿಗೆ ಮುನ್ನ ಒಂದು ಮಾತು ಕೇಳಿಕೊಳ್ಳಿ: ಈ ಕಲೆ ಎರಡು ವಾರದಲ್ಲಿ ಹೋಗುವಂಥದ್ದೇ, ಅಥವಾ ಆ ಮುಖದ್ದೇ ಭಾಗವೇ? ಮಚ್ಚೆ, ಹುಟ್ಟುಗುರುತು, ಹಳೆಯ ಗಾಯ ಇವನ್ನು ಆ ವ್ಯಕ್ತಿ ಹೇಳದೆ ಮುಟ್ಟಬಾರದು. ಚರ್ಮಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿನಲ್ಲಿ ಫಲಿತಾಂಶ ತೋರಿಸುವ ಶಾಟ್ ಆದರೆ ಕಲೆ ತೆಗೆಯುವುದು ನೇರ ಸುಳ್ಳು. ತೆಗೆಯುವುದೆಂದು ತೀರ್ಮಾನವಾದರೆ ಆ ದೃಶ್ಯದ ಎಲ್ಲ ಶಾಟ್‌ಗಳ ಪಟ್ಟಿ ಮಾಡಿಕೊಳ್ಳಿ. ಕ್ಲೋಸಪ್‌ನಲ್ಲಿ ಇಲ್ಲದ ಮೊಡವೆ ಮುಂದಿನ ಮಿಡ್ ಶಾಟ್‌ನಲ್ಲಿ ಮರಳಿ ಬಂದರೆ ಎರಡೂ ಕಡೆಯ ಶ್ರಮ ವ್ಯರ್ಥ.

ಕೊಳ್ಳುವವರಿಗೆ ಒಂದು ಅನುಕೂಲ: ಉಚಿತ ಆವೃತ್ತಿಯಲ್ಲಿ ಸ್ಟುಡಿಯೊದ ಎಫೆಕ್ಟ್ ಹಾಕಿದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಬರುತ್ತದೆ, ಆದರೆ ಎಫೆಕ್ಟ್ ಕೆಲಸ ಮಾಡುತ್ತದೆ. ನಿಮ್ಮದೇ ಕಷ್ಟದ ಶಾಟ್ ಮೇಲೆ ಪ್ಯಾಚ್ ರಿಪ್ಲೇಸರ್ ಹಾಕಿ, ಟ್ರ್ಯಾಕ್ ಮಾಡಿ, ಜಾರುತ್ತದೋ ಇಲ್ಲವೋ ನೋಡಿಯೇ ನಿರ್ಧರಿಸಬಹುದು. ಸ್ಟುಡಿಯೊ ತಿಂಗಳ ಬಾಡಿಗೆಯಲ್ಲ, ಒಮ್ಮೆ ಕೊಂಡರೆ ನಿಮ್ಮದು. ಮುಖಗಳ ಮೇಲೆ ನಿತ್ಯ ಕೆಲಸ ಮಾಡುವವರಿಗೆ ಪ್ಯಾಚ್ ರಿಪ್ಲೇಸರ್, ಸರ್ಫೇಸ್ ಟ್ರ್ಯಾಕರ್ ಎರಡಕ್ಕೇ ಆ ಹಣ ಸಾರ್ಥಕ.

ತಿದ್ದಿದ್ದನ್ನು ಪರೀಕ್ಷಿಸುವಾಗ ನಿಲ್ಲಿಸಿ ನೋಡಿದರೆ ಏನೂ ತಿಳಿಯುವುದಿಲ್ಲ, ಜಾರುವಿಕೆ ಕಾಣುವುದು ಓಡುವಾಗ ಮಾತ್ರ. ಚಿತ್ರವನ್ನು 100 ಪ್ರತಿಶತ ಅಳತೆಯಲ್ಲಿಟ್ಟು ಪೂರ್ತಿ ವೇಗದಲ್ಲಿ ಓಡಿಸಿ. ಆಮೇಲೆ ಕೊನೆಯಲ್ಲಿ ಒಂದು ತಾತ್ಕಾಲಿಕ ನೋಡ್ ಸೇರಿಸಿ ಕಾಂಟ್ರಾಸ್ಟ್, ಸ್ಯಾಚುರೇಶನ್ ಎರಡನ್ನೂ ಅತಿಯಾಗಿ ಏರಿಸಿ ಮತ್ತೊಮ್ಮೆ ಓಡಿಸಿ. ಸಾಮಾನ್ಯವಾಗಿ ಕಾಣದ ತೇಪೆಯ ಅಂಚು, ಬಣ್ಣದ ವ್ಯತ್ಯಾಸ, ಸಣ್ಣ ನಡುಕ ಎಲ್ಲ ಅಲ್ಲಿ ಬಯಲಾಗುತ್ತವೆ. ಅಲ್ಲಿಯೂ ಕಾಣದಿದ್ದರೆ ಆ ನೋಡ್ ಅಳಿಸಿ ರೆಂಡರ್‌ಗೆ ಹಾಕಿ.